ಔಟ್‌ಬ್ಯಾಕ್‌ನಲ್ಲಿ ಕ್ಯಾಂಪರ್‌ವ್ಯಾನ್: ಯೋಜನೆ ಎಲ್ಲಿ ಬದಲಿಸಬೇಕು, ಹೇಗೆ ಬದಲಿಸಬೇಕು

2022ರ ಜನವರಿ ಕೊನೆಯಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನಲ್ಲಿ, ಅಂದರೆ ಜನವಿರಳ ಒಳನಾಡಿನಲ್ಲಿ, ಸುರಿದ ಮಳೆಗೆ ಸ್ಟುವರ್ಟ್ ಹೆದ್ದಾರಿ ಗ್ಲೆಂಡಾಂಬೊ ಬಳಿ ನೀರಿನಡಿ ಹೋಯಿತು. ಕೂಬರ್ ಪೀಡಿ ಊರಿಗೆ ದಿನಸಿಯನ್ನು ವಿಮಾನದಲ್ಲಿ ತಲುಪಿಸಬೇಕಾಯಿತು. ದಕ್ಷಿಣ ಕರಾವಳಿಯ ಅಡಿಲೇಡ್‌ನಿಂದ ಉತ್ತರ ತುದಿಯ ಡಾರ್ವಿನ್‌ಗೆ ನೇರವಾಗಿ ಹೋಗುವ ಡಾಂಬರು ರಸ್ತೆ ಇದೊಂದೇ. ಇದು ಮುಚ್ಚಿದರೆ ಪಕ್ಕದೂರಿನ ಮೇಲೆ ಬಳಸಿ ಹೋಗೋಣ ಎನ್ನುವ ಮಾತೇ ಇಲ್ಲ. ಪಕ್ಕದ ಊರು ಎನ್ನುವುದೇ ಇಲ್ಲಿಲ್ಲ. ಹೀಗಾಗಿ ಈ ದಾರಿಯಲ್ಲಿ ಯೋಜನೆ ಬದಲಾಗುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಎಲ್ಲೆಲ್ಲಿ ಬದಲಿಸಬಹುದು ಎಂಬುದನ್ನು ಹೊರಡುವ ಮುಂಚೆಯೇ ಗುರುತು ಮಾಡಿಕೊಳ್ಳಬೇಕು.

ಇಲ್ಲಿ ಹೇಳುತ್ತಿರುವುದು ಅಡಿಲೇಡ್‌ನಿಂದ ಉಲುರು ಎಂಬ ದೊಡ್ಡ ಬಂಡೆ, ಕಿಂಗ್ಸ್ ಕ್ಯಾನಿಯನ್ ಕಣಿವೆ, ಆಲಿಸ್ ಸ್ಪ್ರಿಂಗ್ಸ್ ಊರು ನೋಡಿಕೊಂಡು ಡಾರ್ವಿನ್ ಸೇರುವ ದಾರಿ. ಒಟ್ಟು ಸುಮಾರು 3,850 ಕಿ.ಮೀ. ಮಲಗಲು, ಅಡುಗೆಗೆ ಅನುಕೂಲವಿರುವ, ಬಾಡಿಗೆಗೆ ಸಿಗುವ ಸಾಮಾನ್ಯ ಟೂ ವೀಲ್ ಡ್ರೈವ್ (ಎರಡು ಚಕ್ರಗಳಿಗಷ್ಟೇ ಎಂಜಿನ್ ಬಲ ಇರುವ) ಕ್ಯಾಂಪರ್‌ವ್ಯಾನಿಗೆ ಈ ದಾರಿಯೆಲ್ಲ ಸಲ್ಲುತ್ತದೆ.

ಯಾವುದನ್ನು ಕಟ್ಟಿಹಾಕಬೇಕು, ಯಾವುದನ್ನು ಬಿಡಬೇಕು

ಮೊದಲೇ ಬುಕ್ ಮಾಡಬೇಕಾದ್ದು ಮೂರೇ: ವ್ಯಾನು, ವಿಮಾನದ ಟಿಕೆಟ್, ಉಲುರು ಪಕ್ಕದ ಯುಲಾರಾ ಕ್ಯಾಂಪ್‌ಗ್ರೌಂಡಿನ ಜಾಗ. ಉಲುರು ರಾಷ್ಟ್ರೀಯ ಉದ್ಯಾನದೊಳಗೆ ಕ್ಯಾಂಪ್ ಮಾಡಲು ಬಿಡುವುದಿಲ್ಲ, ಹತ್ತಿರದಲ್ಲಿ ಬೇರೆ ಊರಿಲ್ಲ. ಜೂನ್-ಜುಲೈ ಶಾಲಾ ರಜೆಯಲ್ಲಿ ಕರೆಂಟ್ ಇರುವ ಜಾಗ ಬೇಗ ತುಂಬುತ್ತದೆ. ಮಿಕ್ಕ ರಾತ್ರಿಗಳಿಗೆ ಹಿಂದಿನ ದಿನ ಫೋನ್ ಮಾಡಿದರೂ ಸಾಕು. ಆದರೆ ಆಲಿಸ್, ಡಾರ್ವಿನ್ ಇರುವ ನಾರ್ದರ್ನ್ ಟೆರಿಟರಿಯ ಸರ್ಕಾರದ ಉದ್ಯಾನಗಳಿಗೆ 2023ರಿಂದ ಹೊರಗಿನವರು ಪಾಸ್ ತೆಗೆದುಕೊಳ್ಳಬೇಕು, ಅಲ್ಲಿನ ಕ್ಯಾಂಪ್ ಜಾಗವನ್ನು ಆನ್‌ಲೈನ್‌ನಲ್ಲೇ ಕಾದಿರಿಸಬೇಕು. ಉದ್ಯಾನದ ಗೇಟಿನ ಹತ್ತಿರ ನೆಟ್‌ವರ್ಕ್ ಸಿಗದೇ ಹೋಗಬಹುದಾದ್ದರಿಂದ ಈ ಕೆಲಸವನ್ನು ಊರಿನಲ್ಲೇ ಮುಗಿಸಿಕೊಳ್ಳಿ.

ಹದಿನಾಲ್ಕು ದಿನದ ಪ್ರವಾಸವಾದರೆ ಹನ್ನೊಂದು ದಿನಕ್ಕೆ ಮಾತ್ರ ಕೆಲಸ ಹಚ್ಚಿ, ಮೂರು ದಿನ ಖಾಲಿ ಬಿಡಿ. ಆ ಮೂರನ್ನೂ ಕೊನೆಗೆ ಸೇರಿಸಬೇಡಿ: ಒಂದು ಯುಲಾರಾಕ್ಕೆ ಮುಂಚೆ, ಒಂದು ಆಲಿಸ್‌ನಲ್ಲಿ, ಒಂದು ಡಾರ್ವಿನ್ ವಿಮಾನದ ಹಿಂದಿನ ದಿನ. ದಿನಕ್ಕೆ 350ರಿಂದ 450 ಕಿ.ಮೀ., ಅದಕ್ಕಿಂತ ಹೆಚ್ಚು ಬೇಡ. ಸಂಜೆ ನಾಲ್ಕಕ್ಕೆ ವ್ಯಾನು ನಿಂತಿರಬೇಕು. ಚಳಿಗಾಲದಲ್ಲಿ ಆಲಿಸ್ ಸುತ್ತ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕಾಂಗರೂ, ಒಂಟೆ, ಬೇಲಿಯಿಲ್ಲದ ಹುಲ್ಲುಗಾವಲಿನ ದನ ಎಲ್ಲವೂ ರಸ್ತೆಗೆ ಹೆಚ್ಚಾಗಿ ಬರುವುದು ಮುಂಜಾವು, ಮುಸ್ಸಂಜೆಯಲ್ಲಿ. ದೂರದ ಪ್ರದೇಶಗಳಲ್ಲಿ ಕತ್ತಲಾದ ಮೇಲೆ ಓಡಿಸಿದರೆ ವಿಮೆ ಇಲ್ಲ ಎಂದು ಎಷ್ಟೋ ಬಾಡಿಗೆ ಕರಾರುಗಳಲ್ಲಿ ಬರೆದೇ ಇರುತ್ತದೆ.

ಹೋಗಲು ಒಳ್ಳೆಯ ಕಾಲ ಮೇಯಿಂದ ಸೆಪ್ಟೆಂಬರ್. ಆಗ ಹಗಲು ಹಿತವಾಗಿರುತ್ತದೆ, ಆದರೆ ಜುಲೈ ರಾತ್ರಿ ಆಲಿಸ್‌ನಲ್ಲಿ ಸೊನ್ನೆಗಿಂತ ಕೆಳಗೂ ಇಳಿಯಬಹುದು. ಬಾಡಿಗೆ ವ್ಯಾನಿನ ಹೊದಿಕೆ ಸಾಲದು, ಮನೆಯಿಂದ ಒಂದು ರಗ್ಗು ಒಯ್ಯಿರಿ.

ವ್ಯಾನು ಕೈಗೆ ಬಂದ ದಿನ

ಕರಾರಿನಲ್ಲಿ ನಾಲ್ಕು ವಿಷಯಗಳನ್ನು ಬೆರಳಿಟ್ಟು ಓದಿ. ಮಣ್ಣುರಸ್ತೆಗೆ ಅನುಮತಿ ಇದೆಯೇ, ಇದ್ದರೆ ಎಷ್ಟು ದೂರ? ಟೂ ವೀಲ್ ಡ್ರೈವ್ ವ್ಯಾನಿಗೆ ಸಾಮಾನ್ಯವಾಗಿ ಕ್ಯಾಂಪ್‌ಗ್ರೌಂಡಿಗೆ ಹೋಗುವ ಸಣ್ಣ ತುಂಡಿಗಷ್ಟೇ ಬಿಡುತ್ತಾರೆ. ಚಾವಣಿ, ವ್ಯಾನಿನ ಅಡಿಭಾಗ, ನೀರು ನುಗ್ಗಿದ ಹಾನಿ, ಬೇರೆ ವಾಹನದ ಪಾತ್ರವಿಲ್ಲದೆ ಪಲ್ಟಿಯಾದದ್ದು — ಇವು ವಿಮೆಗೆ ಸೇರುತ್ತವೆಯೇ? ದುಬಾರಿ ವಿಮೆ ಕೊಂಡವರೂ ಸಿಕ್ಕಿಬೀಳುವುದು ಈ ನಾಲ್ಕರಲ್ಲೇ. ದಿನ ಹೆಚ್ಚಿಸಿಕೊಂಡರೆ ಹಳೆಯ ದರವೋ ಅಂದಿನ ದರವೋ? ವ್ಯಾನು ಒಪ್ಪಿಸುವ ಊರು ಬದಲಿಸಿದರೆ ಎಷ್ಟು ಶುಲ್ಕ, ಎಷ್ಟು ದಿನ ಮೊದಲು ತಿಳಿಸಬೇಕು? ಕೊನೆಯ ಎರಡಕ್ಕೆ ಉತ್ತರವನ್ನು ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ದಾರಿ ಮುಚ್ಚಿದಾಗ ನೀವು ತೀರ್ಮಾನಿಸುವುದು ಈ ಅಂಕಿಗಳನ್ನು ನೋಡಿಕೊಂಡೇ.

ಕರ್ನಾಟಕದ ಸ್ಮಾರ್ಟ್ ಕಾರ್ಡ್ ಲೈಸೆನ್ಸಿನಲ್ಲಿ ವಿವರ ಇಂಗ್ಲಿಷಿನಲ್ಲಿರುತ್ತದೆ, ಅಲ್ಲೂ ನಮ್ಮಂತೆ ಎಡಗಡೆಯೇ ಓಡಿಸುವುದು. ಆದರೂ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ. ಬಾಡಿಗೆ ಕೌಂಟರಿನಲ್ಲಿ ಕೇಳುವವರಿದ್ದಾರೆ.

ಅಂಗಳದಿಂದ ಹೊರಬೀಳುವ ಮೊದಲು ಸ್ಟೆಪ್ನಿ ಎಲ್ಲಿದೆ, ಜಾಕ್ ಎಲ್ಲಿದೆ, ವೀಲ್ ಸ್ಪ್ಯಾನರ್ ನಟ್ಟಿಗೆ ಕೂರುತ್ತದೆಯೇ ನೋಡಿ. ಸ್ಟೆಪ್ನಿಯನ್ನು ಅಡಿಯಿಂದ ಒಮ್ಮೆ ಇಳಿಸಿಯೇ ನೋಡುವುದು ಒಳ್ಳೆಯದು; ಧೂಳು ಕೂತ ವಿಂಚ್ ಹಿಡಿದುಕೊಂಡಿರುತ್ತದೆ. ಟೈರ್ ಒತ್ತಡವನ್ನು ಬಾಗಿಲ ಬಳಿಯ ಚೀಟಿಯಂತೆ, ಬೆಳಗಿನ ತಣ್ಣನೆ ಹೊತ್ತಲ್ಲಿ ನೋಡಬೇಕು. ಓಡಿ ಬಿಸಿಯಾದ ಟೈರಿನ ಒತ್ತಡ ಹೆಚ್ಚೇ ತೋರಿಸುತ್ತದೆ. ಅದನ್ನು ನೋಡಿ ಗಾಳಿ ತೆಗೆದರೆ ಟೈರಿನ ಪಕ್ಕೆ ಬಾಗಿ, ಇನ್ನೂ ಕಾದು, ಹರಿಯುತ್ತದೆ. ದಾರಿಯಲ್ಲಿ ಚಕ್ರ ಬದಲಿಸಿದರೆ 50-100 ಕಿ.ಮೀ. ಆದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಡೀಸೆಲ್ ವ್ಯಾನಾದರೆ ಹೊಗೆ ಶುದ್ಧಗೊಳಿಸುವ ದ್ರವವಾದ ಆಡ್‌ಬ್ಲೂ ಬೇಕೇ ಕೇಳಿ. ಬೇಕಿದ್ದರೆ 10 ಲೀಟರಿನ ಒಂದು ಕ್ಯಾನು ಜೊತೆಗಿರಲಿ, ಯಾಕೆಂದರೆ ಆಡ್‌ಬ್ಲೂ ಮುಗಿದರೆ ನಿಲ್ಲಿಸಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಇಂಧನ, ನೀರು, ಕರೆಂಟಿನ ಲೆಕ್ಕ

ಟೊಯೊಟಾ ಹೈಏಸ್ ಬಗೆಯ ಪೆಟ್ರೋಲ್ ವ್ಯಾನು 100 ಕಿ.ಮೀ.ಗೆ ಸುಮಾರು 13 ಲೀಟರ್ ಕುಡಿಯುತ್ತದೆ. 70 ಲೀಟರ್ ಟ್ಯಾಂಕಿಗೆ 538 ಕಿ.ಮೀ. ಎಂದು ಕಾಗದ ಹೇಳುತ್ತದೆ. ಅದನ್ನು ನಂಬಬೇಡಿ. ಎತ್ತರದ ಚಾವಣಿಗೆ ಎದುರುಗಾಳಿ ಬಿದ್ದರೆ ಬಳಕೆ 16 ಲೀಟರಿಗೆ ಏರುತ್ತದೆ. ತಳದ 10 ಲೀಟರ್ ಮುಟ್ಟದೆ ಲೆಕ್ಕ ಹಾಕಿದರೆ ಉಳಿಯುವುದು 375 ಕಿ.ಮೀ. ನಿಮ್ಮ ನಿಜವಾದ ವ್ಯಾಪ್ತಿ ಇಷ್ಟೇ. ಗ್ಲೆಂಡಾಂಬೊದಿಂದ ಕೂಬರ್ ಪೀಡಿಗೆ ಸುಮಾರು 250 ಕಿ.ಮೀ., ನಡುವೆ ಬಂಕ್ ಇಲ್ಲ. ಅಲ್ಲಿಂದ ಮಾರ್ಲಾ 235, ಮಾರ್ಲಾದಿಂದ ಕುಲ್ಗೆರಾ 180, ಎರ್ಲ್‌ಡುಂಡಾದಿಂದ ಯುಲಾರಾ 245. ಇವೆಲ್ಲ ವ್ಯಾಪ್ತಿಯೊಳಗಿವೆ. ಆದರೆ ಎರ್ಲ್‌ಡುಂಡಾದಲ್ಲಿ ತುಂಬಿಸಿಕೊಂಡು ಯುಲಾರಾಕ್ಕೆ ಹೋಗಿ ಅದೇ ಟ್ಯಾಂಕಿನಲ್ಲಿ ವಾಪಸ್ ಬರಲು ಆಗುವುದಿಲ್ಲ.

ನಕಾಶೆಯಲ್ಲಿ ಕಾಣುವ ಸಣ್ಣ ರೋಡ್‌ಹೌಸ್‌ಗಳನ್ನು (ಬಂಕ್, ಊಟ ಸಿಗುವ ಹೆದ್ದಾರಿ ತಂಗುದಾಣ) ನಂಬಿ ಟ್ಯಾಂಕನ್ನು ಖಾಲಿ ಮಾಡಿಕೊಳ್ಳಬೇಡಿ. ಈ ದಾರಿಯಲ್ಲಿ ಕೆಲವು ಮುಚ್ಚಿಹೋಗಿವೆ, ಕೆಲವು ರಾತ್ರಿ ಬಾಗಿಲು ಹಾಕುತ್ತವೆ, ಕರೆಂಟ್ ಹೋದರೆ ಪಂಪೂ ಇಲ್ಲ, ಕಾರ್ಡ್ ಯಂತ್ರವೂ ಇಲ್ಲ. ಕೈಯಲ್ಲಿ 200 ಡಾಲರ್ ನಗದು ಇರಲಿ. ಅರ್ಧ ಟ್ಯಾಂಕಿಗೆ ಇಳಿದ ಮೇಲೆ ಎದುರಾದ ಮೊದಲ ಬಂಕಿನಲ್ಲೇ ತುಂಬಿಸಿ, ಬೆಲೆ ನೋಡುತ್ತ ನಿಲ್ಲಬೇಡಿ. ಮಧ್ಯ ಆಸ್ಟ್ರೇಲಿಯಾದ ಬಂಕುಗಳಲ್ಲಿ ಮಾಮೂಲಿ 91 ಆಕ್ಟೇನ್ ಪೆಟ್ರೋಲ್ ಬದಲು ಓಪಲ್ ಎಂದು ಬರೆದಿರುವುದು ಕಾಣುತ್ತದೆ. ಪೆಟ್ರೋಲ್ ಮೂಸುವ ಚಟ ತಡೆಯಲು 2005ರಿಂದ ತಂದ ಇಂಧನ ಇದು. ನಿಮ್ಮ ಎಂಜಿನ್ನಿಗೆ ಏನೂ ತೊಂದರೆ ಇಲ್ಲ.

ನೀರು ತಲೆಗೆ ದಿನಕ್ಕೆ 10 ಲೀಟರ್, ಮೂರು ದಿನಕ್ಕೆ ಸಾಲುವಷ್ಟು. ಇಬ್ಬರಿಗೆ 60 ಲೀಟರ್ ಆಯಿತು. ಅದರಲ್ಲಿ ಕುಡಿಯುವ 30 ಲೀಟರನ್ನು ವ್ಯಾನಿನ ಟ್ಯಾಂಕಿಗೆ ಹಾಕದೆ 10 ಲೀಟರಿನ ಮೂರು ಕ್ಯಾನುಗಳಲ್ಲಿ ಬೇರೆಯೇ ಇಡಿ. ಪಂಪ್ ಕೆಟ್ಟರೆ, ಕಲ್ಲು ಬಡಿದು ಟ್ಯಾಂಕಿನ ಪೈಪು ಬಿರಿದರೆ, ಟ್ಯಾಂಕಿನ ನೀರು ಇದ್ದೂ ಇಲ್ಲದಂತೆ. ರೋಡ್‌ಹೌಸ್ ನಲ್ಲಿಯಲ್ಲಿ ಬರುವುದು ಬಹುಪಾಲು ಬೋರ್ ನೀರು, ಉಪ್ಪುಪ್ಪು. ಕುಡಿಯಬಹುದೇ ಎಂದು ಕೇಳದೆ ಟ್ಯಾಂಕಿಗೆ ತುಂಬಬೇಡಿ.

ಬ್ಯಾಟರಿಯ ವಿಷಯ. 12 ವೋಲ್ಟ್ ಫ್ರಿಜ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ಹಿತವಾದ ಹವೆಯಲ್ಲಿ ದಿನದ ಶೇ. 40ರಷ್ಟು ಹೊತ್ತು ಓಡಿದರೆ 38 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಅಳತೆ). ದೀಪ, ಪಂಪ್, ಫೋನ್ ಚಾರ್ಜು ಸೇರಿ 48-50. ವ್ಯಾನಿನಲ್ಲಿರುವ 100 ಆಂಪಿಯರ್-ಅವರ್ ಎಜಿಎಂ (ಸೀಸ-ಆಮ್ಲದ ಒಂದು ಬಗೆ) ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಅಂದರೆ ಕರೆಂಟ್ ಇಲ್ಲದ ಜಾಗದಲ್ಲಿ ನಿಂತಲ್ಲೇ ನಿಂತರೆ ಒಂದು ದಿನ, ಅಷ್ಟೇ. 40 ಡಿಗ್ರಿ ಬಿಸಿಲಿನಲ್ಲಿ ಫ್ರಿಜ್ ಬಿಡದೆ ಓಡುತ್ತದೆ, ಅರ್ಧ ದಿನಕ್ಕೇ ಬ್ಯಾಟರಿ ಬೀಳುತ್ತದೆ. ರಸ್ತೆ ಮುಚ್ಚಿ ಎರಡು ದಿನ ಕಾಯಬೇಕಾದಾಗ ಜನ ಎಡವುವುದು ಇಲ್ಲಿಯೇ: ರೆಸ್ಟ್ ಏರಿಯಾದಲ್ಲಿ ನಿಂತು ಕಾಯುತ್ತಾರೆ, ಎರಡನೇ ಬೆಳಗ್ಗೆ ಹಾಲು ಒಡೆದಿರುತ್ತದೆ. ಕಾಯುವುದಾದರೆ ಕರೆಂಟ್ ಇರುವ ಕ್ಯಾರವಾನ್ ಪಾರ್ಕಿಗೆ ಹಿಂದಿರುಗಿ.

ಅಡುಗೆ

ಬೇಳೆ, ಅಕ್ಕಿ, ಅವಲಕ್ಕಿ, ರವೆ — ಔಟ್‌ಬ್ಯಾಕ್ ಪ್ರಯಾಣಕ್ಕೆ ನಮ್ಮ ಅಡುಗೆಯ ಸಾಮಾನಿನಷ್ಟು ಒಪ್ಪುವುದು ಇನ್ನೊಂದಿಲ್ಲ. ಕೆಡುವುದಿಲ್ಲ, ಫ್ರಿಜ್ ಬೇಡ. 3 ಲೀಟರಿನ ಕುಕ್ಕರ್ ಇದ್ದರೆ ಗ್ಯಾಸೂ ನೀರೂ ಉಳಿಯುತ್ತವೆ. ಆದರೆ ಇವನ್ನು ಭಾರತದಿಂದ ಹೊತ್ತೊಯ್ಯಬೇಡಿ. ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ನಿಯಮ ಬಿಗಿ. ತಾಜಾ ಕರಿಬೇವು, ಬಿತ್ತಿದರೆ ಮೊಳೆಯುವ ಬೀಜ, ಮನೆಯ ತುಪ್ಪ ಮತ್ತು ಹಾಲಿನ ತಿಂಡಿಗಳು ವಿಮಾನ ನಿಲ್ದಾಣದಲ್ಲೇ ತೊಂದರೆ ಕೊಡುತ್ತವೆ. ತಂದದ್ದನ್ನೆಲ್ಲ ಕಾರ್ಡಿನಲ್ಲಿ ಘೋಷಿಸಿ. ಘೋಷಿಸದೆ ಸಿಕ್ಕಿಬಿದ್ದರೆ ಭಾರಿ ದಂಡ. ಅಡಿಲೇಡ್‌ನ ಭಾರತೀಯ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ಮೆಲ್ಬರ್ನ್ ಕಡೆಯಿಂದ ಯಾಂಬಾ ಅಥವಾ ಪಿನ್ನರೂ ಮೇಲೆ ರಸ್ತೆಯಲ್ಲಿ ಬರುವವರು ಅಲ್ಲಿನ ತಪಾಸಣಾ ಠಾಣೆಯಲ್ಲಿ ಹಣ್ಣನ್ನು ಬಿಡಬೇಕಾಗುತ್ತದೆ, ಹಣ್ಣುನೊಣದ ಕಾರಣಕ್ಕೆ.

ದೊಡ್ಡ ಖರೀದಿಯನ್ನು ಪೋರ್ಟ್ ಆಗಸ್ಟಾ, ಆಲಿಸ್, ಕ್ಯಾಥರಿನ್‌ನಲ್ಲಿ ಮಾಡಿ. ಪ್ರತಿ ಸಲವೂ ಬೇಕಾದ್ದಕ್ಕಿಂತ ಮೂರು ದಿನದಷ್ಟು ಹೆಚ್ಚು. ಹೊರಗೆ ಬಳಸುವ ಸಣ್ಣ ಬ್ಯೂಟೇನ್ ಒಲೆಯ ಮೇಲೆ ಅಗಲವಾದ ಪಾತ್ರೆ ಇಡಬೇಡಿ. ಪಾತ್ರೆಯ ಅಂಚು ಗ್ಯಾಸ್ ಡಬ್ಬಿಯ ಮೇಲೆ ಚಾಚಿಕೊಂಡರೆ ಡಬ್ಬಿ ಕಾದು ಸಿಡಿಯುತ್ತದೆ. ವ್ಯಾನಿನೊಳಗೆ ಬೇಯಿಸುವಾಗ ಕಿಟಕಿ, ಚಾವಣಿಯ ಗಾಳಿಕಿಂಡಿ ಎರಡೂ ತೆರೆದಿರಲಿ. ಚಳಿ ಎಂದು ಗ್ಯಾಸ್ ಒಲೆ ಹಚ್ಚಿ ಮಲಗುವುದು ಪ್ರಾಣಕ್ಕೆ ಕುತ್ತು.

ತೀರ್ಮಾನದ ಊರುಗಳು

ಯೋಜನೆ ಬದಲಿಸುವುದನ್ನು ನಡುದಾರಿಯಲ್ಲಿ ಮಾಡಬಾರದು. ಬಂಕ್, ನೆಟ್‌ವರ್ಕ್, ಮಲಗುವ ಜಾಗ ಮೂರೂ ಇರುವ ಊರಿನಲ್ಲಿ ಕೂತು ಮಾಡಬೇಕು. ಅಂಥ ಊರಲ್ಲಿ ಪ್ರತಿ ಸಂಜೆ ಮೂರನ್ನು ನೋಡಿ: ಹವಾಮಾನ ಇಲಾಖೆಯ ನಾಲ್ಕು ದಿನದ ಮುನ್ಸೂಚನೆ, ಆಯಾ ರಾಜ್ಯದ ರಸ್ತೆ ವರದಿ, ಎದುರಿನಿಂದ ಬಂದ ಲಾರಿ ಚಾಲಕರ ಮಾತು. ಮೂರನೆಯದು ಎಷ್ಟೋ ಸಲ ಮೊದಲೆರಡಕ್ಕಿಂತ ತಾಜಾ ಸುದ್ದಿ.

ಪೋರ್ಟ್ ಆಗಸ್ಟಾ ಮೊದಲನೆಯದು. ಉತ್ತರಕ್ಕಿರುವ ಪಿಂಬಾದಿಂದ ಮಾರ್ಲಾವರೆಗೆ ಜೋರು ಮಳೆಯ ಸೂಚನೆ ಇದ್ದರೆ ಉತ್ತರಕ್ಕೆ ಹೊರಡಬೇಡಿ. ಅಲ್ಲಿನ ನೆಲ ಜೇಡಿ ಮತ್ತು ಕಲ್ಲು ಹಾಸು, ನೀರು ಇಂಗುವುದಿಲ್ಲ. ಹಳ್ಳಗಳು ಮೇಲೆಯೇ ಹರಿದು ಹೋಗುವಂತೆ ರಸ್ತೆ ಕಟ್ಟಿರುತ್ತಾರೆ. ಕಾಯುವ ದಿನಗಳಿಗೆ ಎರಡು ಒಳ್ಳೆಯ ದಾರಿಗಳಿವೆ. ಕ್ವಾರ್ನ್, ಹಾಕರ್ ಮೇಲೆ ಫ್ಲಿಂಡರ್ಸ್ ಬೆಟ್ಟಗಳ ವಿಲ್ಪೀನಾಗೆ ಸುಮಾರು 155 ಕಿ.ಮೀ., ಪೂರ್ತಿ ಡಾಂಬರು. ಬೆಟ್ಟದ ಕಡೆಗೂ ಮಳೆ ಎಂದಾದರೆ ದಕ್ಷಿಣಕ್ಕೆ ವಯಾಲಾ, ಪೋರ್ಟ್ ಲಿಂಕನ್ ಕರಾವಳಿ. ವಿಲ್ಪೀನಾವನ್ನು ಬರೀ ಕಾಲ ಕಳೆಯುವ ಜಾಗ ಎಂದುಕೊಳ್ಳಬೇಡಿ, ಉಲುರುವಿಗೆ ಹೋಗಲಾಗದಿದ್ದರೂ ಪ್ರವಾಸ ಸಾರ್ಥಕ ಎನಿಸುವ ಜಾಗ ಅದು.

ಕೂಬರ್ ಪೀಡಿಯಲ್ಲಿ ಟ್ಯಾಂಕು, ನೀರು ತುಂಬಿಸಿ ಮುಂದೆ ನಡೆಯಿರಿ. ಮಾರ್ಲಾದಲ್ಲಿ ಊಡ್ನಡಾಟಾ ಟ್ರ್ಯಾಕ್ ಕವಲೊಡೆಯುತ್ತದೆ. ಮರ್ರೀವರೆಗೆ 600 ಕಿ.ಮೀ.ಗೂ ಮೀರಿದ ಮಣ್ಣುರಸ್ತೆ. ಒಣಗಿದಾಗ ಸಲೀಸಾಗಿ ಕಾಣುತ್ತದೆ, ಎಷ್ಟೋ ಜನರ ಮನಸ್ಸು ತಿರುಗುತ್ತದೆ. ಬಾಡಿಗೆ ವ್ಯಾನಿಗೆ ಅದು ಬೇಡ. ಮಣ್ಣುರಸ್ತೆಗೆ ‘ಕ್ಲೋಸ್ಡ್’ ಫಲಕ ಹಾಕಿದ್ದರೆ ದಾಟುವುದು ಅಪರಾಧ, ದಂಡವೂ ದೊಡ್ಡದು. ಕಾರಣವೂ ಇದೆ: ಹಸಿ ಜೇಡಿಯಲ್ಲಿ ಒಂದು ವಾಹನ ಕೊರೆದ ಚಕ್ರದ ಜಾಡು ಒಣಗಿ ಕಲ್ಲಿನಂತಾಗುತ್ತದೆ, ಅದನ್ನು ಸಮ ಮಾಡುವವರೆಗೆ ಅಲ್ಲಿನ ಜನರ ರಸ್ತೆ ಹಾಳು.

ಎರ್ಲ್‌ಡುಂಡಾ ಮುಖ್ಯವಾದ ಕವಲು. ಇಲ್ಲಿ ಪಶ್ಚಿಮಕ್ಕೆ ತಿರುಗಿದರೆ ಉಲುರು. ತೀರ್ಮಾನಿಸಬೇಕಾದ್ದು ತಾಪಮಾನದ ಮೇಲೆ. ಮುನ್ಸೂಚನೆ 36 ಡಿಗ್ರಿ ಅಥವಾ ಹೆಚ್ಚಿದ್ದರೆ ಉಲುರು ಪಕ್ಕದ ಬಂಡೆಗುಡ್ಡಗಳಾದ ಕಟಾ ಜೂಟಾದ ವ್ಯಾಲಿ ಆಫ್ ದ ವಿಂಡ್ಸ್ ನಡಿಗೆಯನ್ನು ಬೆಳಗ್ಗೆ 11ಕ್ಕೆ ಮುಚ್ಚುತ್ತಾರೆ, ಕಿಂಗ್ಸ್ ಕ್ಯಾನಿಯನ್ನಿನ 6 ಕಿ.ಮೀ. ಅಂಚಿನ ನಡಿಗೆಯನ್ನು 9ಕ್ಕೆ ಮೊದಲೇ ಶುರುಮಾಡಿರಬೇಕು. ಅಂಥ ದಿನಗಳಲ್ಲಿ ಹಿಂದಿನ ರಾತ್ರಿಯೇ ಅಲ್ಲಿ ತಂಗದಿದ್ದರೆ ಹೋಗಿಯೂ ಫಲವಿಲ್ಲ. ಉಲುರು ಸುತ್ತಿನ ನಡಿಗೆ 10.6 ಕಿ.ಮೀ., ಬಂಡೆ ಹತ್ತುವುದನ್ನು 2019ರ ಅಕ್ಟೋಬರ್ 26ರಿಂದ ನಿಲ್ಲಿಸಲಾಗಿದೆ. ಮಳೆ ಬಂದರೆ ಬೇಸರಿಸಿ ಹೊರಟುಬಿಡಬೇಡಿ. ಉಲುರುವಿನ ಮೈಮೇಲೆ ಜಲಪಾತಗಳು ಇಳಿಯುವುದು ಆಗ ಮಾತ್ರ. ಖಾಲಿ ಬಿಟ್ಟ ದಿನವನ್ನು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ.

ಕಿಂಗ್ಸ್ ಕ್ಯಾನಿಯನ್‌ನಿಂದ ಆಲಿಸ್‌ಗೆ ಹೋಗುವಾಗ ಫೋನಿನ ನಕಾಶೆ ಮೆರೀನಿ ಲೂಪ್ ಎಂಬ ಹತ್ತಿರದ ದಾರಿ ತೋರಿಸುತ್ತದೆ. ಅದರಲ್ಲಿ ಮಣ್ಣುರಸ್ತೆ ಇದೆ, ಪರವಾನಗಿ ಬೇಕು, ನಿಮ್ಮ ಕರಾರು ಬಿಡುವುದಿಲ್ಲ. ಬಂದ ದಾರಿಯಲ್ಲೇ ಎರ್ಲ್‌ಡುಂಡಾಗೆ ಮರಳಿ ಉತ್ತರಕ್ಕೆ ಹೋದರೆ ಸುಮಾರು 475 ಕಿ.ಮೀ. ಮೊದಲೇ ಇಷ್ಟು ದೂರ ಎಂದು ಬರೆದುಕೊಳ್ಳದವರ ಒಂದು ದಿನ ಇಲ್ಲಿ ಕಳೆದುಹೋಗುತ್ತದೆ.

ಆಲಿಸ್‌ನಲ್ಲಿ ವ್ಯಾನಿನ ಎಲ್ಲ ರಿಪೇರಿ ಮುಗಿಸಿ. ಟೈರ್ ಅಂಗಡಿ, ಆಟೊ ಎಲೆಕ್ಟ್ರಿಷಿಯನ್ ಧಾರಾಳವಾಗಿ ಸಿಗುವ ಮುಂದಿನ ಊರು ಕ್ಯಾಥರಿನ್, ಅದಿರುವುದು ಸುಮಾರು 1,180 ಕಿ.ಮೀ. ಆಚೆ. ಕಾಯುವುದಾದರೆ ಪಶ್ಚಿಮದ ಮ್ಯಾಕ್‌ಡೊನೆಲ್ ಬೆಟ್ಟಸಾಲಿಗೆ ಹೋಗಿ. ಸ್ಟ್ಯಾಂಡ್ಲಿ ಕ್ಯಾಸಮ್, ಆರ್ಮಿಸ್ಟನ್ ಗಾರ್ಜ್‌ಗಳಿಗೆ ಡಾಂಬರು ಇದೆ.

ಟೆನಂಟ್ ಕ್ರೀಕ್ ದಾಟಿ 25 ಕಿ.ಮೀ.ಗೆ ತ್ರೀ ವೇಸ್. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಮಳೆಗಾಲದಲ್ಲಿ ಉತ್ತರ ಮುಳುಗಿದ್ದರೆ ಇಲ್ಲಿ ಬಲಕ್ಕೆ ತಿರುಗಿ ಬಾರ್ಕ್ಲಿ ಹೆದ್ದಾರಿಯಲ್ಲಿ ಮೌಂಟ್ ಐಸಾ ಕಡೆಗೆ ಹೋಗಬಹುದು. ಮೊದಲ ಬಂಕ್ 187 ಕಿ.ಮೀ.ಗೆ, ಎರಡನೆಯದು ಮತ್ತೆ ಸುಮಾರು 260 ಕಿ.ಮೀ. ಆದ ಮೇಲೆ ಕ್ಯಾಮೊವೀಲ್‌ನಲ್ಲಿ. ವ್ಯಾನು ಒಪ್ಪಿಸುವ ಊರು ಬದಲಿಸುವ ಶುಲ್ಕ ಎಷ್ಟೆಂದು ಮೊದಲೇ ಬರೆಸಿಕೊಂಡದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ರಸ್ತೆಯ ಮೇಲೆ

ಹಲವು ಟ್ರೇಲರ್ ಎಳೆಯುವ ಲಾರಿ, ಅಂದರೆ ರೋಡ್ ಟ್ರೇನ್, 53.5 ಮೀಟರ್ ಉದ್ದ ಇರಬಹುದು. ಅದು 100ರಲ್ಲಿ, ನೀವು 120ರಲ್ಲಿ ಹೋದರೆ ದಾಟಲು ಸುಮಾರು 22 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು ಸುಮಾರು 730 ಮೀಟರ್ ಸಾಗಿರುತ್ತೀರಿ, ಎದುರಿನ ವಾಹನವೂ ಹೆಚ್ಚುಕಡಿಮೆ ಅಷ್ಟೇ ಬಂದಿರುತ್ತದೆ. ಒಂದೂವರೆ ಕಿ.ಮೀ. ಸ್ಪಷ್ಟವಾಗಿ ಕಾಣದೆ ದಾಟಲು ಹೋಗಬೇಡಿ. ನಾರ್ದರ್ನ್ ಟೆರಿಟರಿಯ ಹೆದ್ದಾರಿಯಲ್ಲಿ 130ರವರೆಗೆ ಹೋಗಬಹುದು, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಿತಿ 110. ಹಾಗಾಗಿ ದಕ್ಷಿಣದಲ್ಲಿ ರೋಡ್ ಟ್ರೇನನ್ನು ದಾಟುವ ಯೋಚನೆಗಿಂತ ಹತ್ತು ನಿಮಿಷ ನಿಂತು ಚಹಾ ಕುಡಿಯುವುದೇ ಸರಿ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ನಿಲ್ಲಿ. ರಸ್ತೆಬದಿಯ ಅಳತೆಗೋಲು ಆಳ ಕಡಿಮೆ ತೋರಿಸಿದರೂ ಕೆಳಗಿನ ಡಾಂಬರು ಕೊಚ್ಚಿಹೋಗಿದೆಯೋ ತಿಳಿಯುವುದಿಲ್ಲ. ಸಣ್ಣ ಹಳ್ಳಗಳು ಹಲವು ಸಲ ಕೆಲವೇ ಗಂಟೆಗಳಲ್ಲಿ ಇಳಿಯುತ್ತವೆ. ಕ್ಯಾಥರಿನ್ ಸುತ್ತ ಮತ್ತು ಅದರಾಚೆ ಮೊಸಳೆಯ ಫಲಕ ಇರುವ ನೀರಿಗೆ ಕಾಲೂ ಇಡಬೇಡಿ.

ಫೋನಿಗೆ ಟೆಲ್‌ಸ್ಟ್ರಾ ಸಿಮ್ಮೇ ಬೇಕು, ಉಳಿದವು ಊರಿನಿಂದ ಹೊರಬಿದ್ದ ಕೂಡಲೇ ಮೌನ. 2024ರ ಕೊನೆಯಲ್ಲಿ ಅಲ್ಲಿ 3ಜಿ ನಿಂತುಹೋಯಿತು. 4ಜಿಯಲ್ಲಿ 000 ತುರ್ತು ಕರೆ ಮಾಡಲಾಗದ ಹ್ಯಾಂಡ್‌ಸೆಟ್‌ಗಳನ್ನು ಕಂಪನಿಗಳು ಜಾಲದಿಂದಲೇ ತೆಗೆದುಹಾಕುತ್ತವೆ; ಭಾರತದಲ್ಲಿ ಕೊಂಡ ಕೆಲವು ಫೋನುಗಳಿಗೂ ಹೀಗಾಗುತ್ತದೆ. ಅಡಿಲೇಡ್‌ನಲ್ಲೇ ಸಿಮ್ ಹಾಕಿ, ಅಂಗಡಿಯವರಿಂದ ಖಚಿತ ಮಾಡಿಸಿಕೊಳ್ಳಿ. ಟೆಲ್‌ಸ್ಟ್ರಾ ಪೇಫೋನ್‌ಗಳಿಂದ ದೇಶದೊಳಗಿನ ಕರೆ 2021ರಿಂದ ಉಚಿತ. ಕಂಡಲ್ಲಿ ಮುಂದಿನ ಕ್ಯಾಂಪಿಗೆ ಫೋನ್ ಮಾಡಿಬಿಡಿ. 406 ಮೆಗಾಹರ್ಟ್ಸ್‌ನ ವೈಯಕ್ತಿಕ ಲೊಕೇಟರ್ ಬೀಕನ್ (ತುರ್ತಿನಲ್ಲಿ ಉಪಗ್ರಹದ ಮೂಲಕ ನೀವಿರುವ ಜಾಗ ತಿಳಿಸುವ ಸಾಧನ) ಬಾಡಿಗೆಗೆ ಸಿಕ್ಕರೆ ಬಿಡಬೇಡಿ. ವಾಹನಗಳ ನಡುವೆ ಮಾತಾಡುವ ಯುಎಚ್‌ಎಫ್ ರೇಡಿಯೊ ಇದ್ದರೆ ಹೆದ್ದಾರಿಯ ಲಾರಿಗಳ ಮಾತು 40ನೇ ಚಾನೆಲಿನಲ್ಲಿ.

ವ್ಯಾನು ಕೆಟ್ಟು ನಿಂತರೆ ಬಾನೆಟ್ ಎತ್ತಿಟ್ಟು ವ್ಯಾನಿನ ನೆರಳಲ್ಲೇ ಕೂತಿರಿ. ನಡೆದು ಹೊರಟ ಮನುಷ್ಯ ಮೇಲಿನಿಂದ ಕಾಣುವುದಿಲ್ಲ, ವ್ಯಾನು ಕಾಣುತ್ತದೆ; ನೀರೂ ಅದರಲ್ಲೇ ಇದೆ. ದಿನವೂ ಒಬ್ಬ ನಂಟರಿಗೋ ಗೆಳೆಯರಿಗೋ ಮುಂದಿನ ಊರು ಯಾವುದು, ಎಷ್ಟು ಹೊತ್ತಿಗೆ ಸುದ್ದಿ ಬಾರದಿದ್ದರೆ ಪೊಲೀಸರಿಗೆ ಹೇಳಬೇಕು ಎಂದು ಕಳುಹಿಸಿ. ಯೋಜನೆ ಬದಲಿಸಿದ ದಿನ ಈ ಸಂದೇಶವನ್ನು ತಪ್ಪದೆ ಬದಲಿಸಿ, ಇಲ್ಲದಿದ್ದರೆ ನೀವು ಇಲ್ಲದ ರಸ್ತೆಯಲ್ಲಿ ಹುಡುಕಾಟ ನಡೆಯುತ್ತದೆ.

ಡಾರ್ವಿನ್‌ನಲ್ಲಿ ಒಪ್ಪಿಸುವ ಹಿಂದಿನ ದಿನ

ಟಾಯ್ಲೆಟ್ ಕ್ಯಾಸೆಟ್ (ಶೌಚದ ಡಬ್ಬಿ), ಕೊಳಚೆ ನೀರಿನ ಟ್ಯಾಂಕುಗಳನ್ನು ಡಂಪ್ ಪಾಯಿಂಟಿನಲ್ಲಿ (ಇವನ್ನು ಸುರಿಯಲೆಂದೇ ಇರುವ ಜಾಗ) ಖಾಲಿ ಮಾಡಿ. ಬಾಗಿಲಿನ ರಬ್ಬರ್ ಪಟ್ಟಿ, ಫ್ರಿಜ್ಜಿನ ಹಿಂದಿನ ಜಾಲರಿ, ಡ್ರಾಯರಿನ ಹಳಿಗಳಲ್ಲಿ ಕೆಂಧೂಳು ಕೂತಿರುತ್ತದೆ, ಒಣ ಬ್ರಷ್‌ನಿಂದ ಮೊದಲು ಉದುರಿಸಿ, ಆಮೇಲೆ ಒದ್ದೆ ಬಟ್ಟೆ. ಮೊದಲೇ ನೀರು ಹಾಕಿದರೆ ಅದು ಕೆಸರಾಗಿ ಕಲೆ ಕಟ್ಟುತ್ತದೆ. ಗಾಜಿಗೆ ಕಲ್ಲು ಬಡಿದಿದ್ದರೆ, ಟೈರ್ ಸೀಳಿದ್ದರೆ, ಅದಾದ ದಿನದ ಫೋಟೊ ಮತ್ತು ಆ ದಿನವೇ ಕಂಪನಿಗೆ ಕಳುಹಿಸಿದ ಇ-ಮೇಲ್ ಒಂದೆಡೆ ತೆಗೆದಿಟ್ಟುಕೊಂಡು ಕೌಂಟರಿಗೆ ಹೋಗಿ.